ಮದುವೆ ಫೋಟೋಗೂ ಒಂದು ಪಟ್ಟಿ ಇರಲಿ

ಮದುವೆ ಗೊತ್ತಾದ ಕೂಡಲೇ ನಮ್ಮ ಮನೆಗಳಲ್ಲಿ ಮೊದಲು ಶುರುವಾಗುವುದು ಪಟ್ಟಿ ಬರೆಯುವ ಕೆಲಸ. ದಿನಸಿಯ ಪಟ್ಟಿ, ಪಾತ್ರೆಯ ಪಟ್ಟಿ, ಉಡುಗೊರೆ ಸೀರೆಗಳ ಪಟ್ಟಿ, ಲಗ್ನಪತ್ರಿಕೆ ಯಾರ್ಯಾರಿಗೆ ಕೊಡಬೇಕೆನ್ನುವ ಪಟ್ಟಿ. ಒಬ್ಬಟ್ಟಿಗೆ ಬೇಳೆ ಎಷ್ಟು, ತಾಂಬೂಲಕ್ಕೆ ತೆಂಗಿನಕಾಯಿ ಎಷ್ಟು ಎಂದು ಎಣಿಸಿ ಬರೆದಿಡುವ ನಾವು, ಫೋಟೋದ ವಿಷಯ ಬಂದಾಗ ಮಾತ್ರ "ಫೋಟೋಗ್ರಾಫರಿಗೆ ಹೇಳಿ ಆಯ್ತು, ಎಲ್ಲ ಅವರೇ ನೋಡ್ಕೋತಾರೆ" ಎಂದು ಸುಮ್ಮನಾಗಿಬಿಡುತ್ತೇವೆ. ಊಟ ಅಂದಿಗೇ ಮುಗಿಯುತ್ತೆ. ಚಪ್ಪರವನ್ನು ಮಾರನೇ ದಿನ ಬಿಚ್ಚುತ್ತಾರೆ. ನಾಳೆ ಮೊಮ್ಮಕ್ಕಳ ಕೈಗೆ ಸಿಗುವುದು ಆಲ್ಬಮ್ ಒಂದೇ ಅಲ್ಲವೇ?

ನಿಮ್ಮ ಬೀರುವಿನಲ್ಲಿರುವ ಯಾವುದಾದರೂ ಇತ್ತೀಚಿನ ಮದುವೆಯ ಆಲ್ಬಮ್ ತೆಗೆದು ನೋಡಿ. ಆದರೆ ಈ ಸಲ ಯಾರಿದ್ದಾರೆ ಅಂತ ನೋಡಬೇಡಿ, ಯಾರಿಲ್ಲ ಅಂತ ನೋಡಿ. ಹುಡುಗ-ಹುಡುಗಿ ಹತ್ತಾರು ಭಂಗಿಯಲ್ಲಿ ಇರುತ್ತಾರೆ. ಸಾಲಾಗಿ ವೇದಿಕೆ ಹತ್ತಿ ಉಡುಗೊರೆ ಕೊಟ್ಟವರೆಲ್ಲ ಇರುತ್ತಾರೆ. ಆದರೆ ಮೂರು ದಿನ ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಿದ ಚಿಕ್ಕಮ್ಮ ಎಲ್ಲಿ? ಕಂಬದ ಪಕ್ಕ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅಜ್ಜಿ ಎಲ್ಲಿ? ಅಷ್ಟು ದೊಡ್ಡ ಆಲ್ಬಮಿನಲ್ಲಿ ತಾಯಿ-ಮಗಳು ಇಬ್ಬರೇ ಇರುವ ಚಿತ್ರ ಒಂದಾದರೂ ಸಿಕ್ಕರೆ ನಿಮ್ಮ ಪುಣ್ಯ.

ಇದರ ಬೆಲೆ ತಿಳಿಯುವುದು ಆಮೇಲೆ. ಮನೆಯ ಹಿರಿಯರೊಬ್ಬರು ತೀರಿಕೊಂಡ ದಿನ, ಹಾರ ಹಾಕಲು ಒಂದು ಒಳ್ಳೆ ಫೋಟೋ ಬೇಕೆಂದು ಮನೆಮಂದಿಯೆಲ್ಲ ಹುಡುಕಾಡುವುದನ್ನು ನೀವೂ ಕಂಡಿರಬಹುದು. ಕೊನೆಗೆ ಯಾವುದೋ ಮದುವೆಯ ಗುಂಪಿನಿಂದ ಅವರ ಮುಖವೊಂದನ್ನೇ ಕತ್ತರಿಸಿ ದೊಡ್ಡದು ಮಾಡಿಸುತ್ತಾರೆ. ಮುಖ ಮಸುಕು, ಭುಜದ ಮೇಲೆ ಇನ್ಯಾರದೋ ಕೈ. ಜೀವನಪೂರ್ತಿ ಮನೆಗಾಗಿ ದುಡಿದವರಿಗೆ ಗೋಡೆಯ ಮೇಲೆ ಸಿಗುವುದು ಅಷ್ಟೇ.

ಹನ್ನೆರಡೇ ಚಿತ್ರಗಳ ಕಾಲ

ಛಾಯಾಚಿತ್ರದ ವಿದ್ಯೆ ಲೋಕಕ್ಕೆ ತಿಳಿದದ್ದು 1839ರಲ್ಲಿ, ಫ್ರಾನ್ಸ್ ದೇಶದಲ್ಲಿ. ನಮ್ಮ ಸಣ್ಣ ಊರುಗಳ ಸಾಮಾನ್ಯ ಮನೆಗಳಿಗೆ ಅದು ಬಂದದ್ದು ಎಷ್ಟೋ ಕಾಲದ ಮೇಲೆ. ನಮ್ಮ ಅಜ್ಜಿಯರ ಕಾಲದಲ್ಲಿ ಮದುವೆಯಾದ ಜೋಡಿ ಪೇಟೆಯ ಸ್ಟುಡಿಯೋಗೆ ಹೋಗಿ, ಬಣ್ಣ ಬಳಿದ ಪರದೆಯ ಮುಂದೆ ಒಂದು ಫೋಟೋ ತೆಗೆಸಿಕೊಂಡು ಬಂದರೆ ಅದೇ ದೊಡ್ಡ ಸಂಭ್ರಮ. ಮುಂದೆ ಫೋಟೋಗ್ರಾಫರು ಮದುವೆ ಮನೆಗೇ ಬರತೊಡಗಿದರು. ಅವರ ಚೌಕದ ಚಿತ್ರದ ಕ್ಯಾಮೆರಾದ ಒಂದು ರೋಲಿಗೆ 12 ಚಿತ್ರ. ಆಮೇಲೆ ಬಂದ ಸಣ್ಣ ಕ್ಯಾಮೆರಾದ ರೋಲಿಗೆ 36. ಒಂದೊಂದಕ್ಕೂ ಕಾಸು. ಹಾಗಾಗಿ ಯಾರು ಕೂರಬೇಕು, ಯಾರು ನಿಲ್ಲಬೇಕು ಎಂದು ಮನೆಯ ಹಿರಿಯರು ಮೊದಲೇ ಯೋಚಿಸಿ, ಅಡುಗೆಮನೆಯಲ್ಲಿದ್ದವರನ್ನೂ ಕೂಗಿ ಕರೆಸಿ, ಎಲ್ಲರೂ ಬಂದ ಮೇಲೆ "ಹೂಂ, ತೆಗಿಯಪ್ಪ" ಎನ್ನುತ್ತಿದ್ದರು.

ಈಗ ಒಂದು ಮದುವೆಗೆ ಸಾವಿರಗಟ್ಟಲೆ ಚಿತ್ರ ತೆಗೆಯುತ್ತಾರೆ. ಹಾರುವ ಕ್ಯಾಮೆರಾ ಬಂದಿದೆ, ಎಲ್ಲರ ಕೈಯಲ್ಲೂ ಮೊಬೈಲ್ ಇದೆ. ಅಷ್ಟು ತೆಗೆದರೆ ಎಲ್ಲರೂ ಬಂದೇ ಬರುತ್ತಾರೆ ಎನ್ನುವುದು ನಮ್ಮ ಭ್ರಮೆ. ಕರೆಯುವವರು ಇಲ್ಲದಿದ್ದರೆ ಬರುವವರೂ ಇಲ್ಲ. ಆದ್ದರಿಂದಲೇ ಈ ಪಟ್ಟಿ.

ಪಟ್ಟಿಯಲ್ಲಿ ಏನಿರಬೇಕು?

ನೋಟ್‌ಬುಕ್ಕಿನ ಒಂದು ಹಾಳೆ ಸಾಕು. ಒಂದು ಪಕ್ಕ ಶಾಸ್ತ್ರಗಳು, ಇನ್ನೊಂದು ಪಕ್ಕ ಜನ.

ಶಾಸ್ತ್ರಗಳು ಒಬ್ಬೊಬ್ಬರಲ್ಲಿ ಒಂದೊಂದು ತೆರ. ಬೇರೆ ಊರಿನ, ಬೇರೆ ಪದ್ಧತಿಯ ಫೋಟೋಗ್ರಾಫರಿಗೆ ಅವೆಲ್ಲ ಗೊತ್ತಿರಬೇಕೆಂದೇನಿಲ್ಲ. ಅಂತರಪಟ ಸರಿಯುವುದು, ಜೀರಿಗೆ-ಬೆಲ್ಲ ಹಾಕುವುದು, ಧಾರೆ ಎರೆಯುವುದು, ಮಾಂಗಲ್ಯಧಾರಣೆ, ಸಪ್ತಪದಿ, ಹೊಸ ಸೊಸೆ ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದು ಒಳಗೆ ಬರುವುದು - ಹೀಗೆ ನಿಮ್ಮಲ್ಲಿ ಯಾವುದು ತಪ್ಪಬಾರದೋ ಅದನ್ನು ನಡೆಯುವ ಕ್ರಮದಲ್ಲೇ ಬರೆಯಿರಿ. ಅಂತರಪಟ ಸರಿಯುವುದು ಒಂದು ಕ್ಷಣದ ಮಾತು. ಪುರೋಹಿತರಿಗೂ ಫೋಟೋಗ್ರಾಫರಿಗೂ ಮೊದಲೇ ಒಂದು ಮಾತು ಆಡಿಸಿಬಿಟ್ಟರೆ, ಅವರು ಕಣ್ಸನ್ನೆಯಲ್ಲೇ ತಿಳಿಸುತ್ತಾರೆ. ತಾಳಿ ಕಟ್ಟುವಾಗ ಎಲ್ಲರೂ ಎದ್ದು ಮೊಬೈಲ್ ಹಿಡಿದು ಅಡ್ಡ ನಿಲ್ಲದಂತೆ ನೋಡಿಕೊಳ್ಳಲು ಇಬ್ಬರು ಹುಡುಗರನ್ನು ನೇಮಿಸಿ.

ಇನ್ನು ಜನರ ಪಟ್ಟಿ. ಹುಡುಗಿಯ ತಂದೆ-ತಾಯಿ, ಹುಡುಗನ ತಂದೆ-ತಾಯಿ, ಎರಡೂ ಕಡೆಯ ಅಜ್ಜ-ಅಜ್ಜಿ, ಅಣ್ಣತಮ್ಮಂದಿರ ಸಂಸಾರ, ಸೋದರಮಾವಂದಿರು, ಸೋದರತ್ತೆಯರು, ಅಡುಗೆ ಮತ್ತು ಉಗ್ರಾಣ ನೋಡಿಕೊಂಡವರು, ಕೊನೆಯಲ್ಲಿ ಎಲ್ಲರೂ ಸೇರಿದ ಒಂದು. ಒಟ್ಟು 10 ಗುಂಪು ದಾಟದಿರಲಿ. ಒಂದು ಗುಂಪನ್ನು ಕರೆದು, ನಿಲ್ಲಿಸಿ, ತೆಗೆಯುವುದಕ್ಕೆ 4 ನಿಮಿಷ ಹಿಡಿದರೂ 10 ಗುಂಪಿಗೆ 40 ನಿಮಿಷ ಆಯಿತು. ಈ ಹೊತ್ತನ್ನು ಮುಹೂರ್ತದಷ್ಟೇ ಖಚಿತವಾಗಿ ಗೊತ್ತು ಮಾಡಿ ಎಲ್ಲರಿಗೂ ತಿಳಿಸಿಡಿ.

ನಿಮ್ಮ ಸೋದರತ್ತೆ ಯಾರು ಅಂತ ಪಾಪ, ಆ ಫೋಟೋಗ್ರಾಫರಿಗೆ ಹೇಗೆ ಗೊತ್ತಾಗಬೇಕು? ಎರಡೂ ಕಡೆಯಿಂದ ಮುಖಪರಿಚಯವಿರುವ ಒಬ್ಬೊಬ್ಬರು ಪಟ್ಟಿ ಹಿಡಿದು ಅವರ ಪಕ್ಕದಲ್ಲಿರಲಿ. "ಫೋಟೋಗೆ ನಮ್ಮನ್ನ ಒಂದು ಮಾತು ಕರೀಲಿಲ್ಲ" ಎಂಬ ಮುನಿಸು ವರ್ಷಗಟ್ಟಲೆ ಉಳಿದುಬಿಡುತ್ತೆ. ಪಟ್ಟಿ ಇದ್ದರೆ ಆ ಮಾತಿಗೆ ಎಡೆಯೇ ಇರದು.

ಯಾವ ಹೊತ್ತು, ಎಂಥ ಜಾಗ?

ಮನೆಮಂದಿಯ ಫೋಟೋವನ್ನು ಆರತಕ್ಷತೆಯ ಕೊನೆಗೆ ಇಟ್ಟುಕೊಳ್ಳಬೇಡಿ. ರಾತ್ರಿ 9 ಗಂಟೆಯ ಹೊತ್ತಿಗೆ ಸಕ್ಕರೆ ಕಾಯಿಲೆಯವರು ಊಟ ಮುಗಿಸಿ ಮಲಗಿರುತ್ತಾರೆ, ಮಕ್ಕಳು ಹಟ ಹಿಡಿದಿರುತ್ತವೆ, ಸೀರೆ ಮುದುಡಿರುತ್ತೆ. ವರಪೂಜೆಯ ಸಂಜೆ ಕತ್ತಲಾಗುವ ಮುಂಚೆ, ಇಲ್ಲವೇ ಮುಹೂರ್ತದ ದಿನ ಬೆಳಗ್ಗೆ ತಿಂಡಿ ಆದ ಮೇಲೆ, ಅನುಕೂಲದ ಹೊತ್ತು.

ನಡುಹಗಲಿನ ಬಿಸಿಲಿನಲ್ಲಿ ನಿಂತರೆ ಕಣ್ಣಿನ ಕೆಳಗೆ, ಮೂಗಿನ ಕೆಳಗೆ ಕಪ್ಪು ನೆರಳು ಬೀಳುತ್ತೆ, ಕಣ್ಣೂ ಕಿರಿದಾಗುತ್ತೆ. ಛತ್ರದ ಜಗಲಿ, ಚಪ್ಪರದ ಅಂಚು, ಮರದ ದಟ್ಟ ನೆರಳು ಇವು ಒಳ್ಳೆಯ ಜಾಗ. ಬೆಳಕು ಮುಖಕ್ಕೆ ಬೀಳಲಿ. ಕಿಟಕಿ ಬೆನ್ನ ಹಿಂದೆ ಇದ್ದರೆ ಮುಖ ಕಪ್ಪಾಗುತ್ತೆ. ಇನ್ನೊಂದು ಮಾತು: ವೇದಿಕೆಗೆ ಈಗ ನೀಲಿ, ನೇರಳೆ ಎಲ್‌ಇಡಿ ದೀಪ ಹಾಕುತ್ತಾರೆ. ಅರಿಶಿನ ಹಚ್ಚಿ ಕಳೆಗಟ್ಟಿದ ಮುಖ ಚಿತ್ರದಲ್ಲಿ ನೀಲಿಗಟ್ಟಿದಂತೆ ಕಾಣುತ್ತೆ. ಧಾರೆಯ ಹೊತ್ತಿಗೆ ಬಿಳಿ ದೀಪ ಮಾತ್ರ ಇರಲಿ ಎಂದು ಅಲಂಕಾರದವರಿಗೆ ಮೊದಲೇ ತಿಳಿಸಿ.

ಸೀರೆ, ಹೂವು, ಮುಖ

ಎಲ್ಲರೂ ಒಂದೇ ಬಣ್ಣ ಉಡಬೇಕೆಂದೇನೂ ಇಲ್ಲ. ಒಬ್ಬರಿಗೊಬ್ಬರು ಹೊಂದುವಂಥ ಬಣ್ಣ ಇದ್ದರೆ ಸಾಕು. ಕಣ್ಣಿಗೆ ಹೊಡೆಯುವ ಹಸಿರು, ಗುಲಾಬಿ ಬಣ್ಣಗಳ ಛಾಯೆ ಪಕ್ಕದವರ ಮುಖದ ಮೇಲೂ ಬೀಳುತ್ತೆ. ತೀರಾ ಸಣ್ಣ ಗೀರು, ಸಣ್ಣ ಚೌಕಳಿಯ ಅಂಗಿಗಳು ಚಿತ್ರದಲ್ಲಿ ಅಲೆಅಲೆಯಾಗಿ ಕಾಣುವುದುಂಟು.

ಮೆಹಂದಿಯ ಬಣ್ಣ ಹಚ್ಚಿದ ಒಂದೆರಡು ದಿನಕ್ಕೆ ಚೆನ್ನಾಗಿ ಏರುತ್ತೆ. ಹಾಗಾಗಿ ಧಾರೆಗೆ ಎರಡು ದಿನ ಮುಂಚೆ ಹಚ್ಚಿ. ಗಂಟೆಯೊಳಗೇ ಕಪ್ಪಾಗುವ ಮೆಹಂದಿ ಬೇಡವೇ ಬೇಡ. ಅದರಲ್ಲಿ ಸೇರಿಸುವ ಕೂದಲ ಬಣ್ಣದ ರಾಸಾಯನಿಕದಿಂದ ಚರ್ಮ ಬೊಬ್ಬೆ ಬರಬಹುದು. ಮದುವೆಗೆಂದು ಹೊಸ ಕ್ರೀಮು ತಂದಿದ್ದರೆ ಎರಡು ಮೂರು ವಾರ ಮುಂಚೆಯೇ ಒಂದು ಸ್ವಲ್ಪ ಹಚ್ಚಿ ಪರೀಕ್ಷಿಸಿಕೊಳ್ಳಿ. ಬಿಸಿಲು ತಡೆಯುವ ಕೆಲವು ಕ್ರೀಮು, ಪೌಡರುಗಳು ಕನ್ನಡಿಯಲ್ಲಿ ಸರಿಯಾಗಿ ಕಂಡರೂ ಫ್ಲ್ಯಾಷ್ ಬೆಳಕಿನಲ್ಲಿ ಮುಖವನ್ನು ಸುಣ್ಣ ಬಳಿದಂತೆ ತೋರಿಸುತ್ತವೆ. ಅಲಂಕಾರದ ಪರೀಕ್ಷೆ ಮಾಡಿಸಿಕೊಂಡ ದಿನ ಮೊಬೈಲಿನ ಫ್ಲ್ಯಾಷ್ ಹಾಕಿ ಒಂದು ಚಿತ್ರ ತೆಗೆದು ನೋಡಿದರೆ ತಿಳಿಯುತ್ತೆ.

ಮೊಗ್ಗಿನ ಜಡೆ ಹೆಣೆಯಲು ಗಂಟೆಗಟ್ಟಲೆ ಹಿಡಿಯುತ್ತೆ, ಮಧ್ಯಾಹ್ನದ ಹೊತ್ತಿಗೆ ಮೊಗ್ಗು ಅರಳಿ ಬಾಡುತ್ತೆ. ಹಿಂದೆ ಸ್ಟುಡಿಯೋದವರು ಹುಡುಗಿಯ ಬೆನ್ನಿಗೆ ನಿಲುಗನ್ನಡಿ ಇಟ್ಟು ಮುಖವೂ ಜಡೆಯೂ ಒಂದೇ ಚಿತ್ರದಲ್ಲಿ ಬರುವಂತೆ ತೆಗೆಯುತ್ತಿದ್ದರು. ಆ ಜಾಣತನ ಇಂದಿಗೂ ಚೆಂದ. ಛತ್ರದ ಕೋಣೆಯಲ್ಲಿ ದೊಡ್ಡ ಕನ್ನಡಿ ಇದ್ದರೆ ಜಡೆ ಹಾಕಿದ ಕೂಡಲೇ ತೆಗೆಸಿ.

ಕನ್ನಡಕದವರನ್ನು ಕನ್ನಡಕ ತೆಗೆಯಲು ಒತ್ತಾಯಿಸಬೇಡಿ. ದಿನವೂ ಕನ್ನಡಕದಲ್ಲೇ ಕಂಡ ತಾತ ಅದಿಲ್ಲದೆ ಬೇರೆ ಯಾರೋ ಆಗಿಬಿಡುತ್ತಾರೆ. ಗದ್ದ ಒಂದಿಷ್ಟು ಕೆಳಗೆ ಮಾಡಿಸಿ, ದೀಪವನ್ನು ಪಕ್ಕಕ್ಕೆ ಸರಿಸಿದರೆ ಗಾಜಿನ ಹೊಳಪು ತಪ್ಪುತ್ತೆ.

ಕೂರಿಸುವ ಕ್ರಮ

ಹಿರಿಯರಿಗೆ ನಡುವೆ, ಬೆನ್ನು ಆನಿಸುವ ಕುರ್ಚಿ. ಅವರ ಎರಡು ಪಕ್ಕಕ್ಕೆ ಅಥವಾ ಹಿಂದೆ ಮದುಮಕ್ಕಳು. ಎತ್ತರದವರು ಹಿಂದಿನ ಸಾಲು, ಮಕ್ಕಳು ಮುಂದೆ ಚಾಪೆಯ ಮೇಲೆ. ಎಲ್ಲರನ್ನೂ ನಿಲ್ಲಿಸಿದ ಮೇಲೆ, ಹೊಟ್ಟೆ ತುಂಬಿದ, ನಿದ್ದೆ ಆದ ಕೂಸನ್ನು ಕಡೆಯಲ್ಲಿ ತನ್ನಿ. ಪರ್ಸು, ನೀರಿನ ಬಾಟಲಿ, ಮೊಬೈಲ್ ಕೈಯಿಂದ ಹೋಗಲಿ. 20 ಜನರಲ್ಲಿ ಯಾರಾದರೂ ಒಬ್ಬರು ಕಣ್ಣು ಮುಚ್ಚಿಯೇ ಮುಚ್ಚುತ್ತಾರೆ, ಆದ್ದರಿಂದ ಒಂದೊಂದು ಗುಂಪಿಗೂ ನಾಲ್ಕೈದು ಚಿತ್ರ ತೆಗೆಯಲಿ.

ಇಲ್ಲಿ ಒಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ಗಂಡನನ್ನು ಕಳೆದುಕೊಂಡ ಹೆಂಗಸರು ಫೋಟೋ ಎಂದರೆ ತಾವಾಗಿಯೇ ಹಿಂದೆ ಸರಿಯುತ್ತಾರೆ. "ನಾನ್ಯಾಕಮ್ಮ, ನೀವು ನಿಂತ್ಕೊಳ್ಳಿ" ಎನ್ನುತ್ತಾರೆ. ನಾವು ಬಾಯಿ ಉಪಚಾರಕ್ಕೆ ಒಂದು ಸಲ "ಬನ್ನಿ" ಎಂದು ಸುಮ್ಮನಾಗುತ್ತೇವೆ. ಹುಡುಗಿಯನ್ನು ಎತ್ತಿ ಆಡಿಸಿ, ಜ್ವರ ಬಂದಾಗ ರಾತ್ರಿಯೆಲ್ಲ ಕಾದು ಬೆಳೆಸಿದ ಕೈ ಅದು. ಮದುಮಗಳೇ ಹೋಗಿ ಕೈ ಹಿಡಿದು ಕರೆತಂದು ಕೂರಿಸಲಿ. ಪಟ್ಟಿಯಲ್ಲಿ ಮೊದಲ ಕುರ್ಚಿ ಅವರ ಹೆಸರಿಗೇ ಬರೆದಿಡಿ. ಆಗ ಕರೆಯಲೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ.

ಹಾಗೆಯೇ 70 ದಾಟಿದ ಪ್ರತಿಯೊಬ್ಬರನ್ನೂ ಕಿಟಕಿಯ ಪಕ್ಕ ಒಂದು ಕುರ್ಚಿಯಲ್ಲಿ ಕೂರಿಸಿ ಒಬ್ಬೊಬ್ಬರದೇ ಫೋಟೋ ತೆಗೆಸಿ. ಎರಡೇ ನಿಮಿಷದ ಕೆಲಸ. ಒಳ್ಳೆ ಸೀರೆ, ಒಳ್ಳೆ ಪಂಚೆ ಉಟ್ಟು, ಮನಸ್ಸು ಗೆಲುವಾಗಿರುವ ದಿನ ಇದಕ್ಕಿಂತ ಬೇರೆ ಯಾವುದಿದೆ? ಇದರಲ್ಲಿ ಅಪಶಕುನ ಏನೂ ಇಲ್ಲ. ನಗುತ್ತಾ ಕೂತ ಆ ಚಿತ್ರವನ್ನು ಮುಂದಿನ ಹಬ್ಬಕ್ಕೇ ಕಟ್ಟು ಹಾಕಿಸಿ ಅವರ ಕೈಗೇ ಕೊಡಿ. ಅವರೂ ನೋಡಿ ಸಂತೋಷಪಡಲಿ.

ವ್ಯವಹಾರದ ಮಾತು

ಎಷ್ಟು ಜನ ಬರುತ್ತಾರೆ, ಎಷ್ಟು ಹೊತ್ತು ಇರುತ್ತಾರೆ, ಆಲ್ಬಮಿನ ಅಳತೆ ಏನು, ಪುಟ ಎಷ್ಟು, ಹೆಚ್ಚಿನ ಪುಟಕ್ಕೆ ದರ ಏನು, ಎಷ್ಟು ದಿನಕ್ಕೆ ಕೊಡುತ್ತಾರೆ - ಇಷ್ಟನ್ನೂ ಮುಂಗಡ ಕೊಡುವಾಗಲೇ ಕಾಗದದ ಮೇಲೆ ಬರೆಸಿಕೊಳ್ಳಿ. ತೆಗೆದ ಮೂಲ ಚಿತ್ರಗಳೆಲ್ಲ ಪೆನ್‌ಡ್ರೈವಿನಲ್ಲಿ ನಮಗೆ ಬರಬೇಕು ಎಂದೂ ಸೇರಿಸಿ. ಆಲ್ಬಮಿಗೆ ಚಿತ್ರ ಆರಿಸಿಕೊಡುವುದು ನಮ್ಮ ಕೆಲಸ. ನಾವು ತಡ ಮಾಡಿದರೆ ಆಲ್ಬಮೂ ತಡ. ಮತ್ತೆ, ಫೋಟೋದವರಿಗೂ ಒಂದು ಎಲೆ ಹಾಕಿಸಿ ಹೊತ್ತಿಗೆ ಸರಿಯಾಗಿ ಊಟಕ್ಕೆ ಕೂರಿಸಿ.

ಎಲ್ಲ ಮದುವೆಗಳೂ ನೋಂದಣಿ ಆಗಬೇಕೆಂದು ಸುಪ್ರೀಂ ಕೋರ್ಟು 2006ರಲ್ಲಿ ಹೇಳಿದೆ. ನೋಂದಣಿಗೆ ಲಗ್ನಪತ್ರಿಕೆಯ ಜೊತೆ ಮದುವೆಯ ಫೋಟೋವನ್ನೂ ಕೇಳುವುದುಂಟು. ಮದುಮಕ್ಕಳ ಮುಖ ಸ್ಪಷ್ಟವಾಗಿರುವ ಒಂದೆರಡು ಪ್ರತಿಯನ್ನು ಆಲ್ಬಮಿಗೆ ಕಾಯದೆ ಮೊದಲೇ ಪಡೆದುಕೊಳ್ಳಿ.

ಉಳಿಸಿಕೊಳ್ಳುವ ಬಗೆ

ವಾಟ್ಸಾಪಿನಲ್ಲಿ ಸಾಮಾನ್ಯವಾಗಿ ಕಳಿಸಿದ ಫೋಟೋ ಕುಗ್ಗಿರುತ್ತೆ. ಫೋನಿನಲ್ಲಿ ಚೆನ್ನಾಗಿ ಕಂಡರೂ ದೊಡ್ಡದು ಮಾಡಿಸಿದಾಗ ಒಡೆಯುತ್ತೆ. ಮೂಲ ಚಿತ್ರಗಳ ಒಂದು ಪ್ರತಿ ನಿಮ್ಮ ಮನೆಯಲ್ಲಿ, ಇನ್ನೊಂದು ಮಗಳ ಮನೆಯಲ್ಲೋ ತಮ್ಮನ ಮನೆಯಲ್ಲೋ ಇರಲಿ. ಮುಖ್ಯವಾದ 20 ಚಿತ್ರಗಳನ್ನಾದರೂ ಕಾಗದದ ಮೇಲೆ ಹಾಕಿಸಿ. ಗೋಂದು ಹಚ್ಚಿ ಅಂಟಿಸಬೇಡಿ. ಮಳೆಗಾಲದಲ್ಲಿ ತೇವ ಏರುವ ಗೋಡೆಗೆ, ನೇರ ಬಿಸಿಲು ಬೀಳುವ ಜಾಗಕ್ಕೆ ತೂಗುಹಾಕಬೇಡಿ. ಚಿತ್ರದ ಹಿಂದೆ ಬಾಲ್‌ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದೆ ಗೀರು ಮೂಡುತ್ತೆ. ಒಂದು ಚೀಟಿಯಲ್ಲಿ ಇಸವಿ, ಊರು, ಎಡದಿಂದ ಬಲಕ್ಕೆ ಎಲ್ಲರ ಹೆಸರು ಬರೆದು ಚಿತ್ರದ ಜೊತೆಗೇ ಇಡಿ. ಮನೆಯಲ್ಲಿರುವ ಹಳೆಯ ಕಪ್ಪು-ಬಿಳುಪು ಚಿತ್ರಗಳನ್ನೂ ಮದುವೆ ಮನೆಗೆ ತನ್ನಿ. ನಾಲ್ಕು ಊರಿನ ಹಿರಿಯರು ಒಂದೆಡೆ ಸೇರುವುದು ಆಗಲೇ. "ಇವರ್ಯಾರು?" ಎಂದು ಕೇಳಿ ಬರೆದುಕೊಳ್ಳಿ. ಹೆಸರು ಬಲ್ಲವರು ಹೋದ ಮೇಲೆ ಆ ಮುಖಗಳು ಯಾರಿಗೂ ಏನೂ ಆಗಿ ಉಳಿಯುವುದಿಲ್ಲ.

ಕಡೆಯದಾಗಿ ಒಂದು ಮಾತು. ಪಟ್ಟಿ ಬರೆದು ಮುಗಿಸಿದ ಮೇಲೆ ಇನ್ನೊಮ್ಮೆ ಓದಿ. ಎಲ್ಲರ ಹೆಸರೂ ಬರೆದ ನೀವು ನಿಮ್ಮ ಹೆಸರನ್ನು ಬಿಟ್ಟಿರುತ್ತೀರಿ! "ಒಲೆ ಮೇಲೆ ಪಾಯಸ ಇದೆ, ಈಗ ಬಂದೆ" ಎಂದು ಹೇಳಿ ಒಳಗೆ ಹೋಗುವವರು ನಾವೇ ತಾನೆ? ಪಾಯಸ ಕಲಕಲು ಹತ್ತು ನಿಮಿಷ ಬೇರೆ ಯಾರಿಗಾದರೂ ಸೌಟು ಕೊಡಿ. ಸೆರಗಿನಿಂದ ಬೆವರು ಒರೆಸಿಕೊಂಡು, ಕುಂಕುಮ ತಿದ್ದಿಕೊಂಡು, ಮಗಳ ಪಕ್ಕದಲ್ಲಿ ಹೋಗಿ ನಿಲ್ಲಿ.