ನಿಮಗಿದು ಗೊತ್ತೆ? ಬೂಟು ಕಳಚಿದ ಮೇಲೆ ಹೇಳಿದ ಸತ್ಯ

ಜರ್ಮನಿಯ ಪರ 52 ಅಂತರರಾಷ್ಟ್ರೀಯ ಫುಟ್‌ಬಾಲ್ ಪಂದ್ಯ ಆಡಿದ ಥಾಮಸ್ ಹಿಟ್ಸಲ್‌ಸ್ಪರ್ಗರ್, ತಾನು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡಿದ್ದು ನಿವೃತ್ತಿಯಾದ ಮೇಲೆಯೇ!

2013ರ ಸೆಪ್ಟೆಂಬರ್‌ನಲ್ಲಿ ಆಟ ನಿಲ್ಲಿಸಿದ ಅವರು, 2014ರ ಜನವರಿಯಲ್ಲಿ ‘ಡೀ ಸೈಟ್’ ವಾರಪತ್ರಿಕೆಗೆ ನೀಡಿದ ಸಂದರ್ಶನದಲ್ಲಿ ಈ ವಿಷಯ ತಿಳಿಸಿದರು. ಆಗ ವಯಸ್ಸು 31. ಇಂಗ್ಲೆಂಡಿನ ಪ್ರೀಮಿಯರ್ ಲೀಗ್‌ನಲ್ಲಿ ಆಡಿದವರ ಪೈಕಿ ಹೀಗೆ ಹೇಳಿಕೊಂಡವರಲ್ಲಿ ಇವರೇ ಮೊದಲಿಗರು.

ಎಡಗಾಲಿನ ಹೊಡೆತದ ರಭಸ ಕಂಡು ಇಂಗ್ಲೆಂಡಿನ ಆ್ಯಸ್ಟನ್ ವಿಲ್ಲಾ ಕ್ಲಬ್ಬಿನ ಅಭಿಮಾನಿಗಳು ಇವರನ್ನು ‘ಹ್ಯಾಮರ್’ ಎಂದೇ ಕರೆಯುತ್ತಿದ್ದರು. 2007ರ ಮೇ 19ರಂದು ಜರ್ಮನಿಯ ಲೀಗ್ ಬುಂಡೆಸ್‌ಲೀಗಾದಲ್ಲಿ ಆ ಋತುವಿನ ಕೊನೆಯ ಪಂದ್ಯ. ಆಗ ಅವರು ಆಡುತ್ತಿದ್ದ ಸ್ಟುಟ್‌ಗಾರ್ಟ್ ತಂಡ ಹಿನ್ನಡೆಯಲ್ಲಿತ್ತು. ಕಾರ್ನರ್‌ನಿಂದ ತೇಲಿಬಂದ ಚೆಂಡು ನೆಲ ಮುಟ್ಟುವ ಮೊದಲೇ ಹಿಟ್ಸಲ್‌ಸ್ಪರ್ಗರ್ ದೂರದಿಂದ ಬಾರಿಸಿದರು. ಗೋಲು! ಪಂದ್ಯ 2-1ರಿಂದ ಗೆದ್ದು, ಲೀಗ್ ಪ್ರಶಸ್ತಿಯೂ ಕೈಸೇರಿತು. ಇಂಥ ಆಟಗಾರನಿಗೂ ಡ್ರೆಸ್ಸಿಂಗ್ ರೂಮಿನಲ್ಲಿ ಮನಸ್ಸು ಬಿಚ್ಚಿ ಮಾತನಾಡಲು ಆಗಲಿಲ್ಲವೆನ್ನುವುದು ನೋವಿನ ಸಂಗತಿ.

ಇವರಿಗೂ ಮೊದಲು ಇಂಗ್ಲೆಂಡಿನಲ್ಲಿ ಆಟಗಾರ ಜಸ್ಟಿನ್ ಫಶಾನು 1990ರಲ್ಲಿ, ಇನ್ನೂ ಆಡುತ್ತಿರುವಾಗಲೇ, ತಾನು ಸಲಿಂಗಿ ಎಂದು ಹೇಳಿದ್ದರು. ಅಲ್ಲಿನ ವೃತ್ತಿಪರ ಪುರುಷರ ಫುಟ್‌ಬಾಲ್‌ನಲ್ಲಿ ಆಡುತ್ತಿರುವಾಗಲೇ ಹೇಳಿಕೊಂಡ ಮುಂದಿನವರು ಬ್ಲ್ಯಾಕ್‌ಪೂಲ್ ಕ್ಲಬ್ಬಿನ ಜೇಕ್ ಡೇನಿಯಲ್ಸ್. ಅದು 2022ರಲ್ಲಿ. ಆಗ ಆ ಹುಡುಗನಿಗೆ ಬರೀ 17 ವರ್ಷ!

ಹಿಟ್ಸಲ್‌ಸ್ಪರ್ಗರ್ ಫುಟ್‌ಬಾಲ್‌ನಿಂದ ದೂರವಾಗಲಿಲ್ಲ. 2019ರಲ್ಲಿ ಅದೇ ಸ್ಟುಟ್‌ಗಾರ್ಟ್ ಕ್ಲಬ್ಬಿನ ಆಡಳಿತ ಮಂಡಳಿಯ ಮುಖ್ಯಸ್ಥರಾದರು.