ಗೋವಾ: ಮಡಗಾಂವ್‌ನಲ್ಲಿ ಇಳಿದು ನೋಡಿ

ಹೋಟೆಲಿನವರಿಗೆ ರಜೆ ಎಂಬುದೇ ಕಡಿಮೆ. ಊರಿನ ಮದುವೆ, ಪೂಜೆ ಬಿಟ್ಟರೆ ನಾವು ಗಲ್ಲಾ ಬಿಟ್ಟು ಏಳುವುದಿಲ್ಲ. ಮುಂಬಯಿಯಿಂದ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವಾಗಲೆಲ್ಲ ಮಡಗಾಂವ್ ಸ್ಟೇಶನ್ ಬರುತ್ತದೆ, ಚಹಾ ಕುಡಿದು ಮುಂದೆ ಸಾಗುತ್ತೇವೆ. ಈ ಸಲ ಮಕ್ಕಳ ಒತ್ತಾಯಕ್ಕೆ ಅಲ್ಲೇ ಇಳಿದು ನಾಲ್ಕು ದಿನ ಉಳಿದೆವು.

3,702 ಚದರ ಕಿ.ಮೀ. ವಿಸ್ತಾರದ ಗೋವಾ ದೇಶದ ಅತಿ ಚಿಕ್ಕ ರಾಜ್ಯ. ಪಶ್ಚಿಮಕ್ಕೆ ಅರಬೀ ಸಮುದ್ರ, ಪೂರ್ವಕ್ಕೆ ಸಹ್ಯಾದ್ರಿ. ಅಲ್ಲಿನ ಮಾಂಡೋವಿ ನದಿ ಬೇರೆಯಲ್ಲ, ನಮ್ಮ ಖಾನಾಪುರದ ಕಾಡಿನಲ್ಲಿ ಹುಟ್ಟುವ ಮಹದಾಯಿಯೇ.

ಸರಕಾರಿ ಬಸ್ಸಿನ ಮೇಲೆ ‘ಕದಂಬ’ ಎಂಬ ಹೆಸರು ಕಂಡು ಮಕ್ಕಳಿಗೆ ಆಶ್ಚರ್ಯವಾಯಿತು. ಪೋರ್ಚುಗೀಸರಿಗಿಂತ ಮೊದಲೇ ಕದಂಬರು ಈ ನಾಡನ್ನು ಆಳಿದ್ದರೆಂದು ಹೇಳಿದೆವು. ಅವರ ಕಾಲದ ಮಹಾದೇವ ದೇವಸ್ಥಾನ ಸಹ್ಯಾದ್ರಿಯ ಬುಡದ ತಾಂಬ್ಡಿ ಸುರ್ಲಾದಲ್ಲಿದೆ. ಕಾಡಿನ ನಡುವೆ, ಹಳ್ಳದ ದಡದಲ್ಲಿ ಕರಿಕಲ್ಲಿನ ಚಿಕ್ಕ ಗುಡಿ. ಸಮುದ್ರ ತೀರದಲ್ಲಿದ್ದ ಜನಜಂಗುಳಿ ಅಲ್ಲಿರಲಿಲ್ಲ.

1510ರಲ್ಲಿ ಪೋರ್ಚುಗೀಸರು ವಿಜಾಪುರದ ಆದಿಲಶಾಹಿಯಿಂದ ಗೋವಾವನ್ನು ಕಿತ್ತುಕೊಂಡರು. ಮುಂದೆ ಅನೇಕ ದೇವಸ್ಥಾನಗಳನ್ನು ಕೆಡವಿದರು. ಭಕ್ತರು 1560ರಲ್ಲಿ ಮಂಗೇಶ ದೇವರನ್ನು ಕುಶಸ್ಥಳಿಯಿಂದ ಜುವಾರಿ ನದಿ ದಾಟಿಸಿ ಪ್ರಿಯೋಳಕ್ಕೆ ತಂದರು. ಎಷ್ಟೋ ಕುಟುಂಬಗಳು ಮನೆಮಠ ಬಿಟ್ಟು ನಮ್ಮ ಕರಾವಳಿಗೆ ಬಂದು ನೆಲೆ ಕಂಡವು. ಹೊಟ್ಟೆಪಾಡಿಗೆ ಊರು ಬಿಟ್ಟ ನಮಗೆ ಮಂಗೇಶಿಯ ದೀಪಸ್ತಂಭದ ಎದುರು ನಿಂತಾಗ ಗಂಟಲು ಕಟ್ಟಿತು.

ಆದರೆ ನಮ್ಮ ಅಡುಗೆಮನೆ ಅದೇ ಪೋರ್ಚುಗೀಸರಿಗೆ ಋಣಿ ಎಂಬುದೂ ನಿಜ. ಮೆಣಸಿನಕಾಯಿ, ಗೋಡಂಬಿ, ಅನಾನಸು ಇವೆಲ್ಲ ಅವರ ಹಡಗುಗಳಲ್ಲಿ ಅಮೆರಿಕ ಖಂಡದಿಂದ ಬಂದವು. ‘ಪಾವ್’, ‘ಬಟಾಟೆ’ ಎಂಬ ಮಾತುಗಳೂ ಅವರವೇ. ಈ ವಸ್ತುಗಳಿಲ್ಲದೆ ನಾವು ಒಂದು ದಿನ ಹೋಟೆಲ್ ನಡೆಸಬಲ್ಲೆವೇ?

ಹಳೇ ಗೋವಾದ ಬೋಮ್ ಜೀಸಸ್ ಇಗರ್ಜಿಯಲ್ಲಿ ಸಂತ ಫ್ರಾನ್ಸಿಸ್ ಝೇವಿಯರರ ಪಾರ್ಥಿವ ಶರೀರವಿದೆ. ಅಲ್ಲಿನ ಇಗರ್ಜಿಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. 1961ರ ಡಿಸೆಂಬರ್ 19ರಂದು ಗೋವಾ ವಿಮೋಚನೆಯಾಯಿತು. 1987ರ ಮೇ 30ರಂದು ದೇಶದ 25ನೇ ರಾಜ್ಯವಾಯಿತು.

ಸಮುದ್ರ ಸ್ನಾನಕ್ಕೆ ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ದೂಧ್‌ಸಾಗರ ಜಲಪಾತದ ವೈಭವ ಬೇಕಿದ್ದರೆ ಮಳೆಗಾಲದಲ್ಲಿ ಲೋಂಡಾ ಮಾರ್ಗದ ರೈಲು ಹತ್ತಿ, ಕಿಟಕಿಯಿಂದಲೇ ಕಾಣುತ್ತದೆ.

ನಾಲ್ಕು ದಿನ ಹೋಟೆಲನ್ನು ನಮ್ಮ ಹುಡುಗರೇ ನಡೆಸಿದರು. ಸಾಂಬಾರು ಕೆಡಲಿಲ್ಲ, ಗಿರಾಕಿಗಳು ಓಡಿಹೋಗಲಿಲ್ಲ. ಇಷ್ಟು ವರ್ಷ ನಾವೇ ಸುಮ್ಮನೆ ಹೆದರಿದ್ದೆವು. ಬಂಧುಗಳೇ, ಮುಂದಿನ ಸಲ ಊರಿಗೆ ಹೋಗುವಾಗ ಮಡಗಾಂವ್‌ನಲ್ಲಿ ಇಳಿಯಿರಿ. ಮಕ್ಕಳು ದೊಡ್ಡವರಾಗುವ ಮೊದಲೇ ಇಳಿಯಿರಿ.