ಈಜು, ಸೈಕಲ್, ಓಟ: ಹವ್ಯಾಸಿಗಳ ರಾಷ್ಟ್ರೀಯ ಟ್ರಯಥ್ಲಾನ್ ನಡೆಯುವುದು ಹೇಗೆ?

2025ರ ಆಗಸ್ಟ್ 9ರ ರಾತ್ರಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕೀ ನಗರದಲ್ಲಿ ಭಾರಿ ಮಳೆ ಸುರಿದು ರಸ್ತೆಗಳು ಜಲಾವೃತಗೊಂಡವು. ಮರುದಿನ ಬೆಳಿಗ್ಗೆ ಅಲ್ಲಿ ನಡೆಯಬೇಕಿದ್ದ ರಾಷ್ಟ್ರೀಯ ಟ್ರಯಥ್ಲಾನ್ ಚಾಂಪಿಯನ್‌ಷಿಪ್‌ನ ಸ್ಪ್ರಿಂಟ್ ಸ್ಪರ್ಧೆಯನ್ನು ಸಂಘಟಕರು ರದ್ದುಪಡಿಸಿದರು. ದೇಶದ ನಾನಾ ಮೂಲೆಗಳಿಂದ ಸೈಕಲ್ ಸಮೇತ ಬಂದಿಳಿದಿದ್ದ ಸ್ಪರ್ಧಿಗಳು ನೀರಿಗಿಳಿಯದೆಯೇ ಊರಿಗೆ ಮರಳಬೇಕಾಯಿತು.

ಹೀಗೆ ಮರಳಿದವರಲ್ಲಿ ಬಹುತೇಕರು ವೃತ್ತಿಪರ ಕ್ರೀಡಾಪಟುಗಳಲ್ಲ. ಕಚೇರಿ, ಶಾಲೆ, ಆಸ್ಪತ್ರೆ, ಅಂಗಡಿಗಳಲ್ಲಿ ದುಡಿಯುವವರು, ನಿವೃತ್ತರು, ಮಕ್ಕಳನ್ನು ಶಾಲೆಗೆ ಕಳುಹಿಸಿದ ಬಳಿಕ ಅಭ್ಯಾಸಕ್ಕೆ ಸಮಯ ಹೊಂದಿಸಿಕೊಳ್ಳುವ ತಾಯಂದಿರು. ಸ್ಪರ್ಧೆಯ ಶುಲ್ಕ, ಪ್ರಯಾಣ, ವಸತಿ ಎಲ್ಲವೂ ಸ್ವಂತ ಖರ್ಚು. ಗೆದ್ದರೂ ಕೈಗೆ ಬರುವುದು ಪದಕವೇ ಹೊರತು ಹಣವಲ್ಲ. ಆದರೂ ಇವರು ಸ್ಪರ್ಧಿಸುವುದು ರಾಷ್ಟ್ರೀಯ ಪ್ರಶಸ್ತಿಗಾಗಿ. ಇದು ಹೇಗೆ ಸಾಧ್ಯ? ಇದರಲ್ಲಿ ಅಪಾಯವೇನು? ಕರ್ನಾಟಕದ ಹವ್ಯಾಸಿಗಳು ಇದರಿಂದ ತಿಳಿಯಬೇಕಾದುದೇನು?

ಮೂರು ಆಟ, ಒಂದೇ ಗಡಿಯಾರ

ಈಜು, ಸೈಕಲ್ ಸವಾರಿ ಮತ್ತು ಓಟವನ್ನು ಬಿಡುವಿಲ್ಲದೆ ಒಂದರ ಹಿಂದೊಂದರಂತೆ ಪೂರೈಸುವುದೇ ಟ್ರಯಥ್ಲಾನ್. ಈ ಹೆಸರಿನ ಮೊದಲ ಆಧುನಿಕ ಸ್ಪರ್ಧೆ 1974ರ ಸೆಪ್ಟೆಂಬರ್ 25ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದ ಮಿಷನ್ ಬೇ ದಡದಲ್ಲಿ ನಡೆಯಿತು. ಅದನ್ನು ಏರ್ಪಡಿಸಿದ್ದು ಸ್ಥಳೀಯ ಓಟಗಾರರ ಕ್ಲಬ್. ಅಂದರೆ ಈ ಕ್ರೀಡೆ ಹುಟ್ಟಿದ್ದೇ ಹವ್ಯಾಸಿಗಳ ನಡುವೆ. 1978ರ ಫೆಬ್ರುವರಿಯಲ್ಲಿ ಹವಾಯಿಯಲ್ಲಿ ನಡೆದ ಮೊದಲ 'ಐರನ್‌ಮ್ಯಾನ್' ಸ್ಪರ್ಧೆಯಲ್ಲಿ ಪಾಲ್ಗೊಂಡವರು 15 ಮಂದಿ, ಗುರಿ ಮುಟ್ಟಿದವರು 12 ಮಂದಿ. ಸುಮಾರು 11 ಗಂಟೆ 47 ನಿಮಿಷಗಳಲ್ಲಿ ಮೊದಲಿಗರಾಗಿ ಬಂದ ಗಾರ್ಡನ್ ಹಾಲರ್ ಟ್ಯಾಕ್ಸಿ ಚಾಲಕರಾಗಿ ದುಡಿದವರು. ಒಲಿಂಪಿಕ್ಸ್‌ಗೆ ಈ ಕ್ರೀಡೆ ಪ್ರವೇಶಿಸಿದ್ದು 2000ದ ಸಿಡ್ನಿ ಕೂಟದಲ್ಲಿ.

ದೂರದಲ್ಲಿ ಹಲವು ಬಗೆಗಳಿವೆ. ಒಲಿಂಪಿಕ್ ದೂರವೆಂದರೆ 1.5 ಕಿ.ಮೀ. ಈಜು, 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ. ಸ್ಪ್ರಿಂಟ್ ಇದರ ಅರ್ಧದಷ್ಟು. ಪೂರ್ಣ ಐರನ್‌ಮ್ಯಾನ್‌ನಲ್ಲಿ 3.8 ಕಿ.ಮೀ. ಈಜಿ, 180 ಕಿ.ಮೀ. ಸೈಕಲ್ ತುಳಿದು, ಬಳಿಕ 42.2 ಕಿ.ಮೀ. ಮ್ಯಾರಥಾನ್ ಓಡಬೇಕು. ಮಿಲ್ವಾಕೀಯಂತಹ ರಾಷ್ಟ್ರೀಯ ಕೂಟದಲ್ಲಿ ಮುಖ್ಯವಾದವು ಒಲಿಂಪಿಕ್ ಮತ್ತು ಸ್ಪ್ರಿಂಟ್ ದೂರಗಳು.

ಒಂದು ಆಟದಿಂದ ಇನ್ನೊಂದಕ್ಕೆ ಹೊರಳುವ ಜಾಗವನ್ನು 'ಟ್ರಾನ್ಸಿಷನ್' ಎನ್ನುತ್ತಾರೆ. ನೀರಿನಿಂದ ಎದ್ದು ಬಂದು ಸೈಕಲ್ ಹಿಡಿಯುವಾಗಲೂ, ಸೈಕಲ್ ಇಳಿದು ಓಟದ ಬೂಟು ತೊಡುವಾಗಲೂ ಗಡಿಯಾರ ನಿಲ್ಲುವುದಿಲ್ಲ. ಸ್ಪರ್ಧಿಯ ಪಾದದ ಗಂಟಿಗೆ ಕಟ್ಟಿದ ಪುಟ್ಟ ಚಿಪ್ ಪ್ರತಿ ಹಂತದ ಸಮಯವನ್ನು ದಾಖಲಿಸುತ್ತದೆ. ಹೆಲ್ಮೆಟ್‌ನ ಪಟ್ಟಿ ಬಿಗಿಯದೆ ಸೈಕಲ್ ತೆಗೆದುಕೊಂಡು ಹೊರಟರೆ ದಂಡನೆ ಉಂಟು.

ಒಲಿಂಪಿಕ್ಸ್ ಸ್ಪರ್ಧಿಗಳಿಗೂ ಹವ್ಯಾಸಿಗಳಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಒಲಿಂಪಿಕ್ಸ್‌ನಲ್ಲಿ ಮುಂದಿನವರ ಬೆನ್ನಿಗಂಟಿಕೊಂಡು ಗುಂಪಾಗಿ ಸೈಕಲ್ ತುಳಿಯಬಹುದು. ಹಾಗೆ ಮಾಡಿದಾಗ ಎದುರುಗಾಳಿಯ ತಡೆ ಕಡಿಮೆಯಾಗಿ ಶಕ್ತಿ ಉಳಿಯುತ್ತದೆ. ಹವ್ಯಾಸಿಗಳ ರಾಷ್ಟ್ರೀಯ ಕೂಟದಲ್ಲಿ ಇದಕ್ಕೆ ಅವಕಾಶವಿಲ್ಲ. ಮುಂದಿನ ಸೈಕಲ್‌ನಿಂದ ನಿಗದಿತ ಅಂತರ ಕಾಯ್ದುಕೊಳ್ಳದವರಿಗೆ ಸಮಯದ ದಂಡ ಬೀಳುತ್ತದೆ. ಪ್ರತಿಯೊಬ್ಬರೂ ತಮ್ಮ ಕಾಲಿನ ಬಲದಿಂದಲೇ ಮುಂದೆ ಸಾಗಬೇಕೆಂಬುದು ಇದರ ಆಶಯ.

ವಯಸ್ಸೇ ಅಳತೆಗೋಲು

ಗೃಹಸ್ಥರನ್ನು ರಾಷ್ಟ್ರೀಯ ಸ್ಪರ್ಧಿಗಳನ್ನಾಗಿಸುವುದು ವಯೋವರ್ಗದ ಪದ್ಧತಿ. ಪುರುಷರು ಮತ್ತು ಮಹಿಳೆಯರನ್ನು ಪ್ರತ್ಯೇಕವಾಗಿ ಐದೈದು ವರ್ಷಗಳ ಗುಂಪುಗಳಾಗಿ ವಿಂಗಡಿಸಲಾಗುತ್ತದೆ: 40ರಿಂದ 44, 45ರಿಂದ 49, ಹೀಗೆ 80 ದಾಟಿದವರವರೆಗೂ. ಆ ವರ್ಷದ ಡಿಸೆಂಬರ್ 31ಕ್ಕೆ ತುಂಬಿರುವ ವಯಸ್ಸೇ ಲೆಕ್ಕಕ್ಕೆ. ಐವತ್ತೆರಡರ ಶಿಕ್ಷಕಿ ಇಪ್ಪತ್ತೈದರ ತರುಣಿಯನ್ನು ಸೋಲಿಸಬೇಕಿಲ್ಲ. ತನ್ನ ಓರಗೆಯವರೊಡನೆ ಸೆಣಸಿದರೆ ಸಾಕು. ಗುಂಪಿನಲ್ಲಿ ಮುಂಚೂಣಿಯಲ್ಲಿ ಬಂದವರಿಗೆ ವಯೋವರ್ಗದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ದೇಶದ ಸಮವಸ್ತ್ರ ತೊಡುವ ಅವಕಾಶ ದೊರೆಯುತ್ತದೆ. ಆ ಪ್ರಯಾಣದ ಖರ್ಚೂ ಅವರದೇ.

ಈ ಪದ್ಧತಿಯಿಂದಾಗಿಯೇ ವಯಸ್ಸು ಇಲ್ಲಿ ಅಡ್ಡಿಯಾಗಿಲ್ಲ. ಅಮೆರಿಕದ ಕ್ರೈಸ್ತ ಸನ್ಯಾಸಿನಿ ಮಡೋನಾ ಬ್ಯೂಡರ್ 2012ರಲ್ಲಿ ಕೆನಡಾದ ಐರನ್‌ಮ್ಯಾನ್ ಪೂರೈಸಿದಾಗ ಅವರಿಗೆ 82 ವರ್ಷ. ಆಕೆ ಮುಂದೆ ಸಾಗಿದಂತೆ ಸಂಘಟಕರು ಹೊಸ ವಯೋವರ್ಗಗಳನ್ನೇ ತೆರೆಯಬೇಕಾಯಿತು. 2025ರ ಅಕ್ಟೋಬರ್‌ನಲ್ಲಿ ಹವಾಯಿಯ ಐರನ್‌ಮ್ಯಾನ್ ವಿಶ್ವ ಚಾಂಪಿಯನ್‌ಷಿಪ್ ಪೂರ್ಣಗೊಳಿಸಿದ ನಟಾಲಿ ಗ್ರಾಬೊ ಅವರಿಗೆ 80 ವರ್ಷ. ಅವರು ಈಜು ಕಲಿತದ್ದು ಐವತ್ತರ ಹರೆಯ ಮುಗಿಯುತ್ತ ಬಂದಾಗ.

ನೀರಿನಲ್ಲಿಯೇ ಹೆಚ್ಚು ಅಪಾಯ

ಹೊರಗಿನಿಂದ ನೋಡುವವರಿಗೆ ಸೈಕಲ್‌ನ ವೇಗವೇ ಅಪಾಯಕಾರಿ ಎನಿಸಬಹುದು. ಅಂಕಿ ಅಂಶಗಳು ಹೇಳುವುದು ಬೇರೆ. ಅಮೆರಿಕದ ಟ್ರಯಥ್ಲಾನ್‌ಗಳಲ್ಲಿ 1985ರಿಂದ 2016ರವರೆಗೆ ಸಂಭವಿಸಿದ ಸಾವು ಮತ್ತು ಹೃದಯ ಸ್ತಂಭನದ ಒಟ್ಟು 135 ಪ್ರಕರಣಗಳನ್ನು ವೈದ್ಯರ ತಂಡವೊಂದು ಅಧ್ಯಯನ ಮಾಡಿ 2017ರಲ್ಲಿ ವರದಿ ಪ್ರಕಟಿಸಿತು. ಅವುಗಳ ಪೈಕಿ 90 ಪ್ರಕರಣಗಳು ಈಜಿನ ಹಂತದಲ್ಲಿಯೇ ಘಟಿಸಿದ್ದವು. ಬಲಿಯಾದವರಲ್ಲಿ ಶೇ 85ರಷ್ಟು ಪುರುಷರು. ಸರಾಸರಿ ವಯಸ್ಸು 47ರ ಆಸುಪಾಸು. ಮರಣೋತ್ತರ ಪರೀಕ್ಷೆಯ ವಿವರ ದೊರೆತ 61 ಮಂದಿಯ ಪೈಕಿ 27 ಮಂದಿಯಲ್ಲಿ ಹೃದಯ ಅಥವಾ ರಕ್ತನಾಳದ ದೋಷ ಕಂಡುಬಂದಿತ್ತು. ಒಟ್ಟಾರೆ ಪ್ರಮಾಣ ಲಕ್ಷ ಸ್ಪರ್ಧಿಗಳಿಗೆ ಇಬ್ಬರಿಗಿಂತಲೂ ಕಡಿಮೆ ಎಂಬುದು ನಿಜ. ಆದರೆ 60 ದಾಟಿದ ಪುರುಷರಲ್ಲಿ ಈ ಪ್ರಮಾಣ ಲಕ್ಷಕ್ಕೆ 18ನ್ನೂ ಮೀರಿತ್ತು.

ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಸ್ಪರ್ಧೆಯ ಆರಂಭದ ಉದ್ವೇಗ, ತಣ್ಣೀರಿನ ಆಘಾತ, ಸುತ್ತಲೂ ಕೈಕಾಲು ಬಡಿಯುವ ಜನ, ತಳ ಕಾಣದ ನೀರು ಇವೆಲ್ಲವೂ ಒಮ್ಮೆಲೇ ಹೃದಯದ ಮೇಲೆ ಒತ್ತಡ ಹೇರುತ್ತವೆ. ಓಡುವಾಗ ಎದೆ ಹಿಡಿದಂತಾದರೆ ರಸ್ತೆಬದಿ ಕೂರಬಹುದು. ನೀರಿನ ನಡುವೆ ಆ ಅನುಕೂಲವಿಲ್ಲ. ನೆರವು ತಲುಪುವ ಮೊದಲ ಕೆಲವು ನಿಮಿಷಗಳೇ ನಿರ್ಣಾಯಕ. ಆದ್ದರಿಂದಲೇ ಎಲ್ಲರನ್ನೂ ಒಟ್ಟಿಗೆ ನೀರಿಗಿಳಿಸದೆ ತಂಡ ತಂಡವಾಗಿ ಬಿಡುವುದು, ದೋಣಿಗಳಲ್ಲಿ ರಕ್ಷಕರನ್ನು ನಿಲ್ಲಿಸುವುದು, ನೀರಿನ ಉಷ್ಣತೆ ಅಳೆದು ಮೈಯನ್ನು ಬೆಚ್ಚಗಿಡುವ ವೆಟ್‌ಸೂಟ್ ಬಳಕೆಯನ್ನು ನಿರ್ಧರಿಸುವುದು ರೂಢಿಯಾಗಿದೆ.

ಈ ಹಿನ್ನೆಲೆಯಲ್ಲಿ ಮಿಲ್ವಾಕೀಯ ನಿರ್ಧಾರವನ್ನು ನೋಡಬೇಕು. ವರ್ಷವಿಡೀ ನಸುಕಿನಲ್ಲೆದ್ದು ಅಭ್ಯಾಸ ಮಾಡಿದವರಿಗೆ ಸ್ಪರ್ಧೆ ರದ್ದಾದದ್ದು ಸಣ್ಣ ನಷ್ಟವಲ್ಲ. ಆದರೆ ರಸ್ತೆಗಳೇ ಮುಳುಗಿ, ನಗರದ ತುರ್ತು ಸೇವೆಗಳೆಲ್ಲ ನೆರೆಯ ಕಾರ್ಯದಲ್ಲಿ ತೊಡಗಿರುವಾಗ ಜನರನ್ನು ಕೆರೆಗಿಳಿಸಿ ರಸ್ತೆಗೆ ಬಿಡುವುದು ಸಲ್ಲದು. ಸಂಬಳ ಪಡೆದು ಆಡುವವನ ಹಿಂದೆ ತಂಡದ ವೈದ್ಯರಿರುತ್ತಾರೆ. ಹವ್ಯಾಸಿಗೆ ಸಂಘಟಕರ ವಿವೇಚನೆಯೇ ಆಸರೆ.

ಕರ್ನಾಟಕದ ಹವ್ಯಾಸಿಗಳಿಗೆ ಪಾಠ

ನಮ್ಮಲ್ಲಿಯೂ ಈ ಆಸಕ್ತಿ ಬೆಳೆಯುತ್ತಿದೆ. 2019ರಲ್ಲಿ ಗೋವಾದ ಮೀರಾಮಾರ್ ಕಡಲತೀರದಲ್ಲಿ ಐರನ್‌ಮ್ಯಾನ್‌ನ ಅರ್ಧ ದೂರದ ಸ್ಪರ್ಧೆ ಆರಂಭವಾಯಿತು. ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ 2024ರ ಅಕ್ಟೋಬರ್‌ನಲ್ಲಿ ಅಲ್ಲಿ 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್ ಹಾಗೂ 21.1 ಕಿ.ಮೀ. ಓಟವನ್ನು 8 ಗಂಟೆ 27 ನಿಮಿಷಗಳಲ್ಲಿ ಮುಗಿಸಿದಾಗ ಈ ಕ್ರೀಡೆಯ ಹೆಸರು ಮನೆಮನೆಯಲ್ಲಿ ಕೇಳಿಬಂತು. 2025ರ ಆರಂಭದಲ್ಲಿ ಉತ್ತರಾಖಂಡದಲ್ಲಿ ನಡೆದ ರಾಷ್ಟ್ರೀಯ ಕ್ರೀಡಾಕೂಟದಲ್ಲಿಯೂ ಟ್ರಯಥ್ಲಾನ್ ಇತ್ತು.

ನಿಶಾ ಮಿಲ್ಲೆಟ್‌ರಿಂದ ಶ್ರೀಹರಿ ನಟರಾಜ್‌ವರೆಗೆ ಒಲಿಂಪಿಕ್ಸ್‌ಗೆ ಈಜುಗಾರರನ್ನು ಕಳುಹಿಸಿದ ರಾಜ್ಯ ನಮ್ಮದು. ಆದರೆ ಕೊಳದ ಈಜೇ ಬೇರೆ, ಕಡಲಿನ ಈಜೇ ಬೇರೆ. ಕೊಳದಲ್ಲಿ ತಳದ ಗೆರೆ ದಾರಿ ತೋರುತ್ತದೆ, ಐವತ್ತು ಮೀಟರಿಗೊಮ್ಮೆ ಗೋಡೆ ಸಿಗುತ್ತದೆ. ತೆರೆದ ನೀರಿನಲ್ಲಿ ಆಗಾಗ ತಲೆಯೆತ್ತಿ ದಿಕ್ಕು ನೋಡಿಕೊಳ್ಳಬೇಕು, ಅಲೆಗೆ ತಕ್ಕಂತೆ ಉಸಿರು ಬದಲಿಸಬೇಕು. ಬೆಂಗಳೂರಿನ ಕೆರೆಗಳು ಈಜಲು ಯೋಗ್ಯವಾಗಿ ಉಳಿದಿಲ್ಲ. ಹೀಗಾಗಿ ನಗರದ ಅನೇಕರಿಗೆ ತೆರೆದ ನೀರಿನ ಮೊದಲ ಅನುಭವ ಸ್ಪರ್ಧೆಯ ದಿನವೇ ಆಗುವ ಸಂಭವವುಂಟು. ಇದು ತಪ್ಪಬೇಕು.

ಸ್ಪರ್ಧೆಗೆ ಹೆಸರು ನೋಂದಾಯಿಸುವ ಮುನ್ನ ಮೂರು ಕೆಲಸ ಮಾಡುವುದು ಒಳಿತು. ನಲವತ್ತು ದಾಟಿದವರು ವೈದ್ಯರಲ್ಲಿ ಹೃದಯ ತಪಾಸಣೆ ಮಾಡಿಸಿಕೊಳ್ಳಬೇಕು. ಅನುಭವಿಗಳ ಜೊತೆಯಲ್ಲಿ, ರಕ್ಷಕರಿರುವ ಕಡೆ, ಕೆಲವು ಬಾರಿಯಾದರೂ ತೆರೆದ ನೀರಿನಲ್ಲಿ ಈಜಿ ಅಭ್ಯಾಸವಾಗಬೇಕು. ನೀರಿನಲ್ಲಿ ಎದೆ ಬಿಗಿದರೆ, ಉಸಿರು ಕಟ್ಟಿದರೆ ಕೈ ಮೇಲೆತ್ತಿ ನೆರವು ಕೋರಲು ಸಂಕೋಚಪಡಬಾರದು. ರಕ್ಷಣಾ ದೋಣಿಯನ್ನು ಹಿಡಿದು ಸುಧಾರಿಸಿಕೊಳ್ಳಲು ನಿಯಮಗಳಲ್ಲಿಯೇ ಅವಕಾಶವಿದೆ. ದೋಣಿಯ ಬಲದಿಂದ ಮುಂದೆ ಸಾಗದಿದ್ದರೆ ಸಾಕು.

ಮಿಲ್ವಾಕೀಯಿಂದ ಬರಿಗೈಯಲ್ಲಿ ಮರಳಿದವರಿಗೆ ಇನ್ನೊಂದು ವರ್ಷ, ಇನ್ನೊಂದು ಸ್ಪರ್ಧೆ ಇದ್ದೇ ಇದೆ. ವಯಸ್ಸು ಒಂದು ಹೆಚ್ಚಾದರೂ ಅವರಿಗಾಗಿ ಒಂದು ವಯೋವರ್ಗ ಕಾದಿರುತ್ತದೆ. ಹವ್ಯಾಸಿಯ ಕ್ರೀಡೆಗೆ ಇರುವ ದೊಡ್ಡ ಸೌಲಭ್ಯ ಅದೇ. ಆ ಸೌಲಭ್ಯ ದಕ್ಕಬೇಕಾದರೆ ಮೊದಲು ಕ್ಷೇಮವಾಗಿ ದಡ ಸೇರಬೇಕು.